ತಟಸ್ಥನ ಮಾತು: 1972ರ ಹನೋಯ್ ಬಾಂಬ್ ದಾಳಿ ಮತ್ತು ಸ್ವೀಡನ್

'ತಟಸ್ಥ' ಎಂಬ ಪದದ ಮೂಲಾರ್ಥ ತಟದಲ್ಲಿ, ಎಂದರೆ ದಡದಲ್ಲಿ, ನಿಂತವನು ಎಂದು. ಅವನು ಹೊಳೆಗೆ ಇಳಿದವನಲ್ಲ. ಆದರೆ ಹೊಳೆಯಲ್ಲಿ ಏನು ನಡೆಯುತ್ತಿದೆ ಎಂಬುದು ನೀರಿನಲ್ಲಿ ಸೆಣಸುತ್ತಿರುವವರಿಗಿಂತ ದಡದಲ್ಲಿರುವವನಿಗೇ ಸ್ಪಷ್ಟವಾಗಿ ಕಾಣುತ್ತದೆ. ಕಾಲಾಂತರದಲ್ಲಿ ಈ ಪದಕ್ಕೆ ಉದಾಸೀನ, ನಿರ್ಲಿಪ್ತ, ಯಾವ ಪಕ್ಷಕ್ಕೂ ಸೇರದವನು ಎಂಬ ಅರ್ಥಗಳು ಕೂಡಿಕೊಂಡವು. ಕೊನೆಗೆ ಮಾತನಾಡದವನೇ ತಟಸ್ಥ ಎಂಬ ಭಾವನೆಯೂ ಬಳಕೆಯಲ್ಲಿ ನೆಲೆಗೊಂಡಿತು. ದಡದಲ್ಲಿ ನಿಂತವನು ಮುಳುಗುತ್ತಿರುವವನನ್ನು ಕಂಡಾಗ ಕೂಗಬೇಕೇ, ಸುಮ್ಮನಿರಬೇಕೇ ಎಂಬ ಪ್ರಶ್ನೆಗೆ ಪದಕೋಶದಲ್ಲಿ ಉತ್ತರವಿಲ್ಲ. ಆ ಉತ್ತರವನ್ನು ಚರಿತ್ರೆಯಲ್ಲಿಯೇ ಹುಡುಕಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆಯನ್ನು ಎರಡು ಬಾರಿ ಎದುರಿಸಿ, ಎರಡು ಬಾರಿಯೂ ಬೇರೆ ಬೇರೆ ಉತ್ತರ ಕೊಟ್ಟ ದೇಶ ಸ್ವೀಡನ್. ಮೊದಲನೆಯದು ಎರಡನೆಯ ಮಹಾಯುದ್ಧದ ಕಾಲದ ಮೌನ, ಎರಡನೆಯದು 1972ರ ಡಿಸೆಂಬರ್ 23ರ ಮಾತು. ಇವುಗಳ ನಡುವೆ ಮೂವತ್ತು ವರ್ಷಗಳ ಅಂತರವಿದೆ. ಮೊದಲನೆಯದನ್ನು ಬದಿಗಿಟ್ಟು ಎರಡನೆಯದನ್ನು ಮಾತ್ರ ಓದಿದರೆ ಅದು ಒಬ್ಬ ರಾಜಕಾರಣಿಯ ಆವೇಶದ ಹೇಳಿಕೆಯಾಗಿ ಉಳಿಯುತ್ತದೆ. ಎರಡನ್ನೂ ಜೊತೆಗಿಟ್ಟಾಗ ತಾಟಸ್ಥ್ಯದ ಸ್ವರೂಪವೇ ವಿಚಾರಣೆಗೆ ಒಳಗಾಗುತ್ತದೆ.

ಹನ್ನೊಂದು ದಿನಗಳ ದಾಳಿ

1972ರ ಅಕ್ಟೋಬರ್ ತಿಂಗಳಿನಲ್ಲಿ ವಿಯೆಟ್ನಾಂ ಯುದ್ಧ ಮುಗಿಯುವ ಹಂತಕ್ಕೆ ಬಂದಂತೆ ತೋರಿತ್ತು. ಪ್ಯಾರಿಸ್ಸಿನಲ್ಲಿ ಅಮೆರಿಕ ಮತ್ತು ಉತ್ತರ ವಿಯೆಟ್ನಾಂ ನಡುವೆ ಒಪ್ಪಂದದ ಕರಡು ಸಿದ್ಧವಾಗಿತ್ತು. ಶಾಂತಿ ಕೈಗೆಟುಕುವಷ್ಟು ಹತ್ತಿರದಲ್ಲಿದೆ ಎಂದು ಹೆನ್ರಿ ಕಿಸಿಂಜರ್ ಅಕ್ಟೋಬರ್ 26ರಂದು ಸಾರ್ವಜನಿಕವಾಗಿಯೇ ಹೇಳಿದ್ದರು. ಆದರೆ ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷ ಥಿಯು ಆ ಕರಡನ್ನು ಒಪ್ಪಲಿಲ್ಲ. ಮತ್ತೆ ಆರಂಭವಾದ ಮಾತುಕತೆ ಡಿಸೆಂಬರ್ ನಡುವಿನ ಹೊತ್ತಿಗೆ ಮುರಿದುಬಿತ್ತು. ನವೆಂಬರಿನಲ್ಲಷ್ಟೇ ಭಾರೀ ಬಹುಮತದಿಂದ ಮರುಆಯ್ಕೆಯಾಗಿದ್ದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಉತ್ತರ ವಿಯೆಟ್ನಾಮಿನ ಮೇಲೆ ಬೃಹತ್ ವಾಯುದಾಳಿಗೆ ಆದೇಶ ನೀಡಿದರು.

ಡಿಸೆಂಬರ್ 18ರ ರಾತ್ರಿ ಆರಂಭವಾದ ಈ ದಾಳಿ ಕ್ರಿಸ್‌ಮಸ್ ದಿನದ ವಿರಾಮವನ್ನು ಬಿಟ್ಟರೆ 29ರವರೆಗೆ ನಡೆಯಿತು. ಬಿ-52 ವಿಮಾನಗಳು ರಾತ್ರಿಯ ವೇಳೆ ಅತಿ ಎತ್ತರದಿಂದ ಹನೋಯ್ ಮತ್ತು ಹೈಫಾಂಗ್ ನಗರಗಳ ಪ್ರದೇಶದ ಮೇಲೆ ಬಾಂಬುಗಳನ್ನು ಸುರಿಸಿದವು. ಒಟ್ಟು ಸುಮಾರು 20,000 ಟನ್ ಬಾಂಬುಗಳು ಬಿದ್ದವೆಂಬುದು ಲೆಕ್ಕ. ರೈಲು ನಿಲ್ದಾಣಗಳು, ವಿದ್ಯುತ್ ಕೇಂದ್ರಗಳು, ಉಗ್ರಾಣಗಳು, ವಿಮಾನ ನೆಲೆಗಳು ಗುರಿಯೇ ಹೊರತು ನಾಗರಿಕರಲ್ಲ ಎಂದು ಅಮೆರಿಕ ಹೇಳಿತು. ಆದರೆ ಡಿಸೆಂಬರ್ 22ರಂದು ಹನೋಯ್‌ನ ಬಾಖ್ ಮಾಯ್ ಆಸ್ಪತ್ರೆಯ ಮೇಲೆ ಬಾಂಬುಗಳು ಬಿದ್ದು ಅಲ್ಲಿನ ವೈದ್ಯರು, ದಾದಿಯರು ಸೇರಿ 28 ಮಂದಿ ಸಿಬ್ಬಂದಿ ಸತ್ತರು. 26ರ ರಾತ್ರಿ ಜನವಸತಿಯ ಖಾಮ್ ಥಿಯೆನ್ ಬೀದಿ ನೆಲಸಮವಾಯಿತು. ಉತ್ತರ ವಿಯೆಟ್ನಾಂ ಕೊಟ್ಟ ಲೆಕ್ಕದಂತೆ ಹನೋಯ್‌ನಲ್ಲಿ 1,318, ಹೈಫಾಂಗ್‌ನಲ್ಲಿ 306 ನಾಗರಿಕರು ಪ್ರಾಣ ಕಳೆದುಕೊಂಡರು. ನಗರದ ಜನರಲ್ಲಿ ಬಹುಭಾಗವನ್ನು ಮುಂಚೆಯೇ ಹಳ್ಳಿಗಾಡಿಗೆ ಸಾಗಿಸಿದ್ದರಿಂದ ಸಾವಿನ ಸಂಖ್ಯೆ ಅಷ್ಟಕ್ಕೆ ನಿಂತಿತು.

ಒಂದು ಚಿಕ್ಕ ಹೇಳಿಕೆ

ಆಸ್ಪತ್ರೆಯ ಮೇಲೆ ಬಾಂಬು ಬಿದ್ದ ಮರುದಿನ ಸ್ವೀಡನ್ನಿನ ಪ್ರಧಾನಿ ಓಲೋಫ್ ಪಾಲ್ಮೆ ಒಂದು ಹೇಳಿಕೆ ನೀಡಿದರು. ಅದು ಸಂಸತ್ತಿನ ಭಾಷಣವಲ್ಲ, ರಾಜತಾಂತ್ರಿಕ ಪತ್ರವೂ ಅಲ್ಲ. ಸುದ್ದಿಸಂಸ್ಥೆಗೆ ಕೊಟ್ಟು ಬಾನುಲಿಯಲ್ಲಿ ಪ್ರಸಾರವಾದ, ಕೆಲವೇ ವಾಕ್ಯಗಳ ಮಾತು.

ಅದರ ಸಾರ ಇಷ್ಟು. ಯಾವುದನ್ನಾಗಲಿ ಅದರ ನಿಜವಾದ ಹೆಸರಿನಿಂದಲೇ ಕರೆಯಬೇಕು. ವಿಯೆಟ್ನಾಮಿನಲ್ಲಿ ಈಗ ನಡೆಯುತ್ತಿರುವುದು ಚಿತ್ರಹಿಂಸೆಯ ಒಂದು ಬಗೆ. ಈ ದಾಳಿಗೆ ಸೈನಿಕ ಕಾರಣವಿರಲು ಸಾಧ್ಯವಿಲ್ಲ. ಒಂದು ಜನಾಂಗವನ್ನು ಅವಮಾನಿಸಿ ಬಲದ ಮುಂದೆ ಮಣಿಸುವುದಕ್ಕಾಗಿ ಮನುಷ್ಯರನ್ನು ಪೀಡಿಸಲಾಗುತ್ತಿದೆ. ಆದಕಾರಣ ಇದೊಂದು ದುಷ್ಕೃತ್ಯ. ಇಷ್ಟು ಹೇಳಿದ ಬಳಿಕ, ಆಧುನಿಕ ಚರಿತ್ರೆಯಲ್ಲಿ ಇಂಥ ಕೃತ್ಯಗಳು ಅನೇಕ, ಅವು ಒಂದೊಂದು ಹೆಸರಿನೊಂದಿಗೆ ನೆನಪಿನಲ್ಲಿ ಉಳಿದಿವೆ ಎಂದು ಪಾಲ್ಮೆ ಏಳು ಹೆಸರುಗಳನ್ನು ಉಚ್ಚರಿಸಿದರು: ಗೆರ್ನಿಕಾ, ಓರಾದೂರ್, ಬಾಬಿ ಯಾರ್, ಕಾತಿನ್, ಲಿಡಿಚೆ, ಶಾರ್ಪ್‌ವಿಲ್, ಟ್ರೆಬ್ಲಿಂಕಾ. ಆ ಸಾಲಿಗೆ ಈಗ ಎಂಟನೆಯ ಹೆಸರು ಸೇರುತ್ತಿದೆ: ಹನೋಯ್, 1972ರ ಕ್ರಿಸ್‌ಮಸ್.

ಸಾಹಿತ್ಯದ ವಿದ್ಯಾರ್ಥಿಗಳು ಈ ಪಟ್ಟಿಯ ರಚನೆಯನ್ನು ಗಮನಿಸಬೇಕು. ಅದರಲ್ಲಿರುವುದು ಬರಿಯ ಸ್ಥಳನಾಮಗಳು. ಕೊಂದವರು ಯಾರು, ಸತ್ತವರೆಷ್ಟು ಎಂಬ ವಿವರ ಇಲ್ಲ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಕರ್ತೃಪದವನ್ನು ಕೈಬಿಡಲಾಗಿದೆ. ಕೇಳುಗನೇ ಆ ಸ್ಥಾನವನ್ನು ತುಂಬಿಕೊಳ್ಳಬೇಕು. ಗೆರ್ನಿಕಾ 1937ರ ಏಪ್ರಿಲ್‌ನಲ್ಲಿ ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳ ದಾಳಿಗೆ ತುತ್ತಾದ ಸ್ಪೇನಿನ ಬಾಸ್ಕ್ ಪಟ್ಟಣ. ಬಾಬಿ ಯಾರ್ ಕೀವ್ ನಗರದ ಕಂದರ. 1941ರ ಸೆಪ್ಟೆಂಬರ್ ಕೊನೆಯ ಎರಡು ದಿನಗಳಲ್ಲಿ ನಾಜಿಗಳು ಅಲ್ಲಿ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಜೆಕ್ ಹಳ್ಳಿ ಲಿಡಿಚೆಯನ್ನು 1942ರ ಜೂನ್ 10ರಂದೂ ಫ್ರೆಂಚ್ ಹಳ್ಳಿ ಓರಾದೂರನ್ನು 1944ರ ಅದೇ ತಿಂಗಳ ಅದೇ ದಿನದಂದೂ ಜರ್ಮನ್ ಪಡೆಗಳು ನಾಶಮಾಡಿದವು. ಕಾತಿನ್ ಕಾಡಿನಲ್ಲಿ ಪೋಲಿಷ್ ಅಧಿಕಾರಿಗಳನ್ನು 1940ರಲ್ಲಿ ಕೊಂದದ್ದು ಸೋವಿಯತ್ ಪೊಲೀಸ್ ಪಡೆ. 1972ರಲ್ಲಿ ಸೋವಿಯತ್ ಒಕ್ಕೂಟ ಅದನ್ನು ಜರ್ಮನರ ತಲೆಗೇ ಕಟ್ಟುತ್ತಿತ್ತು. ಸತ್ಯವನ್ನು ಒಪ್ಪಿಕೊಂಡದ್ದು 1990ರಲ್ಲಿ. ಶಾರ್ಪ್‌ವಿಲ್‌ನಲ್ಲಿ 1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕದ ಪೊಲೀಸರ ಗುಂಡಿಗೆ 69 ಮಂದಿ ಕರಿಯರು ಬಲಿಯಾದರು. ಹೀಗೆ ಒಂದೇ ಉಸಿರಿನ ಪಟ್ಟಿಯಲ್ಲಿ ನಾಜಿ, ಕಮ್ಯುನಿಸ್ಟ್, ವರ್ಣಭೇದವಾದಿ ಪ್ರಭುತ್ವಗಳ ಪಕ್ಕದಲ್ಲಿ ಒಂದು ಪ್ರಜಾಪ್ರಭುತ್ವ ಬಂದು ನಿಂತಿತು. ಅಮೆರಿಕವನ್ನು ಕೆರಳಿಸಿದ್ದು ಈ ನೆರೆಹೊರೆ.

ಮಾತಿನ ಬೆಲೆ

ಪಾಲ್ಮೆ ಅಮೆರಿಕದ ಶತ್ರುವಾಗಿರಲಿಲ್ಲ. ಓಹಾಯೋ ಸಂಸ್ಥಾನದ ಕೆನ್ಯನ್ ಕಾಲೇಜಿನಲ್ಲಿ ಓದಿ 1948ರಲ್ಲಿ ಪದವಿ ಪಡೆದವರು ಅವರು. ಆದರೆ 1965ರಿಂದಲೇ ಅವರು ವಿಯೆಟ್ನಾಂ ಯುದ್ಧವನ್ನು ಟೀಕಿಸುತ್ತ ಬಂದಿದ್ದರು. 1968ರ ಫೆಬ್ರವರಿಯಲ್ಲಿ, ಶಿಕ್ಷಣ ಮಂತ್ರಿಯಾಗಿದ್ದಾಗ, ಸ್ಟಾಕ್‌ಹೋಮಿನ ಪಂಜಿನ ಮೆರವಣಿಗೆಯಲ್ಲಿ ಉತ್ತರ ವಿಯೆಟ್ನಾಮಿನ ರಾಯಭಾರಿಯ ಜೊತೆ ಹೆಜ್ಜೆ ಹಾಕಿದ್ದರು. ಆಗಲೂ ಅಮೆರಿಕ ತನ್ನ ರಾಯಭಾರಿಯನ್ನು ಸಮಾಲೋಚನೆಗೆಂದು ಕರೆಸಿಕೊಂಡಿತ್ತು. 1969ರ ಜನವರಿಯಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಮೊದಲನೆಯದಾಗಿ ಸ್ವೀಡನ್ ಉತ್ತರ ವಿಯೆಟ್ನಾಮಿಗೆ ಮಾನ್ಯತೆ ನೀಡಿತು.

ಈ ಬಾರಿ ಪ್ರತಿಕ್ರಿಯೆ ಇನ್ನೂ ಕಠಿಣವಾಯಿತು. ಸ್ಟಾಕ್‌ಹೋಮಿನಲ್ಲಿ ಅಮೆರಿಕದ ರಾಯಭಾರಿಯ ಸ್ಥಾನ ಆಗಲೇ ಖಾಲಿಯಿತ್ತು. ಸ್ವದೇಶಕ್ಕೆ ಬಂದಿದ್ದ ಪ್ರಭಾರಿ ಅಧಿಕಾರಿಯನ್ನು ಮರಳಿ ಕಳುಹಿಸುವುದಿಲ್ಲವೆಂದೂ, ಸ್ವೀಡನ್ ನೇಮಿಸಿದ ಹೊಸ ರಾಯಭಾರಿಯನ್ನು ವಾಷಿಂಗ್ಟನ್‌ನಲ್ಲಿ ಬರಮಾಡಿಕೊಳ್ಳುವುದಿಲ್ಲವೆಂದೂ ಅಮೆರಿಕ ತಿಳಿಸಿತು. ಎರಡೂ ದೇಶಗಳು ಮತ್ತೆ ರಾಯಭಾರಿಗಳನ್ನು ಕಳುಹಿಸಿಕೊಂಡದ್ದು 1974ರಲ್ಲಿ. ಸುಮಾರು 81 ಲಕ್ಷ ಜನಸಂಖ್ಯೆಯ, ರಫ್ತನ್ನೇ ನೆಚ್ಚಿದ ಒಂದು ದೇಶಕ್ಕೆ ಇದು ಸಣ್ಣ ಬೆಲೆಯಾಗಿರಲಿಲ್ಲ. ಆದರೂ ಸ್ವೀಡನ್ನಿನ ಸಂಸತ್ತಿನಲ್ಲಿದ್ದ ಐದೂ ಪಕ್ಷಗಳು, ಪಾಲ್ಮೆ ಅವರ ಕಟು ವಿರೋಧಿಗಳೂ ಸೇರಿದಂತೆ, ಬಾಂಬ್ ದಾಳಿ ನಿಲ್ಲಬೇಕೆಂದು ಒಟ್ಟಾಗಿ ಸಹಿ ಸಂಗ್ರಹ ಕೈಗೊಂಡವು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು.

ಆ ಮಾತಿನಿಂದ ಬಾಂಬುಗಳು ನಿಂತವೆಂದು ಹೇಳಲಾಗದು. ಹದಿನೈದು ಬಿ-52 ವಿಮಾನಗಳ ನಷ್ಟ, ಅಮೆರಿಕದೊಳಗಿನ ವಿರೋಧ, ಹನೋಯ್ ಮಾತುಕತೆಗೆ ಮರಳಲು ಒಪ್ಪಿದ್ದು ಇವೆಲ್ಲದರ ನಡುವೆ ಒಂದು ಸಣ್ಣ ದೇಶದ ಹೇಳಿಕೆಯ ಭಾರವನ್ನು ತೂಗುವ ತಕ್ಕಡಿ ಯಾವುದೂ ಇಲ್ಲ. 1973ರ ಜನವರಿ 27ರಂದು ಪ್ಯಾರಿಸ್ ಒಪ್ಪಂದಕ್ಕೆ ಸಹಿಯಾಯಿತು. ಅದು ಬಹುಮಟ್ಟಿಗೆ ಅಕ್ಟೋಬರಿನ ಕರಡೇ ಆಗಿತ್ತು.

ಮೂವತ್ತು ವರ್ಷ ಹಿಂದಿನ ಮೌನ

ಪಾಲ್ಮೆ ಹೇಳಿದ ಏಳನೆಯ ಹೆಸರು ಟ್ರೆಬ್ಲಿಂಕಾ. ಆ ಹೆಸರೇ ಚರಿತ್ರೆಯನ್ನು ಸ್ವೀಡನ್ನಿನ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

1942ರ ಆಗಸ್ಟ್ ತಿಂಗಳಿನಲ್ಲಿ ವಾರ್ಸಾದಿಂದ ಬರ್ಲಿನ್ನಿಗೆ ಹೊರಟ ರಾತ್ರಿಯ ರೈಲಿನಲ್ಲಿ ಸ್ವೀಡನ್ನಿನ ರಾಜತಾಂತ್ರಿಕ ಯೋರಾನ್ ಫಾನ್ ಓಟರ್ ಅವರಿಗೆ ಕುರ್ಟ್ ಗೆರ್ಸ್ಟೈನ್ ಎಂಬ ಎಸ್‌ಎಸ್ ಅಧಿಕಾರಿ ಎದುರಾದ. ಬೆಲ್ಜೆಕ್ ಶಿಬಿರದಲ್ಲಿ ಯಹೂದಿಗಳನ್ನು ವಿಷಾನಿಲದಿಂದ ಕೊಲ್ಲುವುದನ್ನು ಕೆಲವೇ ದಿನಗಳ ಹಿಂದೆ ಕಣ್ಣಾರೆ ಕಂಡು, ಟ್ರೆಬ್ಲಿಂಕಾಕ್ಕೂ ಹೋಗಿ ಬಂದಿದ್ದ ಆತ ತಾನು ಕಂಡದ್ದನ್ನು ಗಂಟೆಗಟ್ಟಲೆ ವಿವರಿಸಿ, ಇದು ಹೊರಜಗತ್ತಿಗೆ ತಿಳಿಯಬೇಕೆಂದು ಬೇಡಿಕೊಂಡ. ಫಾನ್ ಓಟರ್ ತಮ್ಮ ಮೇಲಧಿಕಾರಿಗಳಿಗೆ ವಿಷಯ ತಿಳಿಸಿದರು. ಆದರೆ ಯುದ್ಧ ಮುಗಿಯುವವರೆಗೆ ಸ್ವೀಡನ್ ಆ ಮಾಹಿತಿಯನ್ನು ಪ್ರಕಟಿಸಲಿಲ್ಲ, ಮಿತ್ರರಾಷ್ಟ್ರಗಳಿಗೂ ಮುಟ್ಟಿಸಲಿಲ್ಲ. ದಡದಲ್ಲಿದ್ದವನಿಗೆ ಎಲ್ಲವೂ ಕಂಡಿತ್ತು. ಕೂಗು ಮಾತ್ರ ಹೊರಡಲಿಲ್ಲ.

ಈ ಮೌನ ಒಬ್ಬ ಅಧಿಕಾರಿಯದಷ್ಟೇ ಆಗಿರಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ, ಆಕ್ರಮಿತ ನಾರ್ವೆಯ ಸೆರೆಮನೆಗಳಲ್ಲಿ ಜರ್ಮನರು ನಡೆಸುತ್ತಿದ್ದ ಚಿತ್ರಹಿಂಸೆಯ ವರದಿಗಳನ್ನು ಅಚ್ಚುಮಾಡಿದ್ದಕ್ಕಾಗಿ ಸ್ವೀಡನ್ ಸರ್ಕಾರ 17 ಪತ್ರಿಕೆಗಳ ಸಂಚಿಕೆಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಯೋಟೆಬೋರಿ ನಗರದ ಪತ್ರಿಕೆಯೊಂದರ ಸಂಪಾದಕ, ಧರ್ಮಗಳ ಇತಿಹಾಸದ ವಿದ್ವಾಂಸ ಟೋರ್ಗ್ನಿ ಸೆಗರ್ಸ್ಟೆಟ್ ಹಿಟ್ಲರನ ವಿರುದ್ಧ ಎಡೆಬಿಡದೆ ಬರೆದಾಗ, ದೇಶ ಯುದ್ಧಕ್ಕೆ ಸಿಲುಕಿದರೆ ಅದು ನಿಮ್ಮಿಂದಲೇ ಎಂಬ ಅರ್ಥದ ಮಾತು ಸ್ವತಃ ದೊರೆ ಐದನೆಯ ಗುಸ್ತಾವ್‌ನಿಂದ ಬಂತು. ಜೊತೆಗೆ, ಜರ್ಮನ್ ಉಕ್ಕಿನ ಕಾರ್ಖಾನೆಗಳಿಗೆ ಸ್ವೀಡನ್ನಿನ ಕಬ್ಬಿಣದ ಅದಿರು ಹೋಗುತ್ತಿತ್ತು. 1940ರಿಂದ 1943ರವರೆಗೆ ರಜೆಯ ಹೆಸರಿನಲ್ಲಿ ಜರ್ಮನ್ ಸೈನಿಕರು ಸ್ವೀಡನ್ನಿನ ರೈಲುಗಳಲ್ಲಿ ನಾರ್ವೆಗೆ ಹೋಗಿಬರುತ್ತಿದ್ದರು. 1941ರ ಬೇಸಿಗೆಯಲ್ಲಿ ಶಸ್ತ್ರಸಜ್ಜಿತವಾದ ಒಂದು ಇಡೀ ಡಿವಿಷನ್ ಆ ದಾರಿಯಾಗಿ ಫಿನ್‌ಲೆಂಡಿಗೆ ಸಾಗಿತು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. 1943ರ ಅಕ್ಟೋಬರಿನಲ್ಲಿ ದೋಣಿಗಳಲ್ಲಿ ತಪ್ಪಿಸಿಕೊಂಡು ಬಂದ ಡೆನ್ಮಾರ್ಕಿನ ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳಿಗೆ ಸ್ವೀಡನ್ ಆಶ್ರಯ ಕೊಟ್ಟಿತು. 1944ರಲ್ಲಿ ಬುಡಾಪೆಸ್ಟಿನಲ್ಲಿ ರಾವುಲ್ ವಾಲೆನ್‌ಬರಿ ರಕ್ಷಣಾಪತ್ರಗಳನ್ನು ಹಂಚಿ ಸಾವಿರಾರು ಜೀವಗಳನ್ನು ಉಳಿಸಿದರು. ಮಾತನಾಡದ ದೇಶ ಕೈ ಚಾಚಿತ್ತು ಎಂಬುದು ದಿಟ. ಆದರೆ ಅದು ಜರ್ಮನಿಯ ಸೋಲು ಗೋಚರಿಸತೊಡಗಿದ ಮೇಲಿನ ಮಾತು.

ತಾಟಸ್ಥ್ಯ ಯಾವುದರಿಂದ ಕೆಡುತ್ತದೆ?

1907ರ ಹೇಗ್ ಒಡಂಬಡಿಕೆಗಳು ತಟಸ್ಥ ರಾಷ್ಟ್ರದ ಕರ್ತವ್ಯಗಳನ್ನು ನಿರೂಪಿಸಿವೆ. ಯುದ್ಧನಿರತ ದೇಶದ ಸೈನ್ಯ ತನ್ನ ನೆಲದ ಮೇಲೆ ಹಾದುಹೋಗಲು ತಟಸ್ಥ ರಾಷ್ಟ್ರ ಬಿಡಬಾರದು. ತನ್ನ ನೆಲದಲ್ಲಿ ಅದಕ್ಕಾಗಿ ಸೈನಿಕರ ಭರ್ತಿಗೆ ಅವಕಾಶ ಕೊಡಬಾರದು. ಯುದ್ಧದ ಕ್ರೌರ್ಯವನ್ನು ಕುರಿತು ಮಾತನಾಡಬಾರದೆಂಬ ನಿಯಮ ಅವುಗಳಲ್ಲಿ ಎಲ್ಲಿಯೂ ಇಲ್ಲ. ಈ ಅಳತೆಗೋಲನ್ನು ಹಿಡಿದು ನೋಡಿದಾಗ ವಿಚಿತ್ರವಾದ ಚಿತ್ರ ಮೂಡುತ್ತದೆ. ನಾರ್ವೆಯಲ್ಲಿ ಕಾದಾಟ ಮುಗಿದಿದೆ ಎಂಬುದು ರಜೆಯ ರೈಲುಗಳಿಗೆ ಸ್ವೀಡನ್ ಕೊಟ್ಟ ಸಮರ್ಥನೆ. ಶಸ್ತ್ರಸಜ್ಜಿತ ಡಿವಿಷನ್ನಿನ ವಿಷಯದಲ್ಲಿ ಆ ಸಮರ್ಥನೆಯೂ ನಿಲ್ಲದು. ಎಂದರೆ, ಮಹಾಯುದ್ಧದ ಕಾಲದಲ್ಲಿ ಸ್ವೀಡನ್ ತಾಟಸ್ಥ್ಯದ ನಿಯಮವನ್ನು ಮುರಿಯಿತು, ಮತ್ತು ತಾಟಸ್ಥ್ಯದ ಹೆಸರಿನಲ್ಲಿ ಮೌನವಾಗಿತ್ತು. 1972ರಲ್ಲಿ ಅದು ಯಾವ ಸೈನ್ಯಕ್ಕೂ ದಾರಿ ಬಿಡಲಿಲ್ಲ, ಯಾರ ಪರವಾಗಿಯೂ ಸೈನಿಕರನ್ನು ಕಳುಹಿಸಲಿಲ್ಲ. ನಿಯಮದೊಳಗೇ ನಿಂತು ಮಾತನಾಡಿತು. ಮೊದಲ ಸಂದರ್ಭದಲ್ಲಿ ಪ್ರಬಲ ಪಕ್ಷ ತೃಪ್ತವಾಗಿದ್ದರಿಂದ ತಾಟಸ್ಥ್ಯ ಕೆಟ್ಟಿತೆಂದು ಆ ಪಕ್ಷ ಹೇಳಲಿಲ್ಲ. ಎರಡನೆಯ ಸಂದರ್ಭದಲ್ಲಿ ಪ್ರಬಲ ಪಕ್ಷ ಕೆರಳಿದ್ದರಿಂದ ಸ್ವೀಡನ್ ತಟಸ್ಥವಲ್ಲವೆಂಬ ಕೂಗೆದ್ದಿತು. ಬಲಿಷ್ಠರ ಬಾಯಲ್ಲಿ ತಟಸ್ಥ ಎಂಬ ಪದಕ್ಕೆ ಬಹಳ ವೇಳೆ 'ನಮಗೆ ತೊಂದರೆ ಕೊಡದವನು' ಎಂಬುದೇ ಅರ್ಥವಾಗಿರುತ್ತದೆ.

ಪಾಲ್ಮೆ ಅವರ ಮಾತಿನಲ್ಲಿ ದೋಷವಿರಲಿಲ್ಲವೆಂದಲ್ಲ. ಟ್ರೆಬ್ಲಿಂಕಾದಲ್ಲಿ ಒಂದು ವರ್ಷದ ಆಸುಪಾಸಿನಲ್ಲಿ ಎಂಟು ಲಕ್ಷದಷ್ಟು ಜನರನ್ನು, ಒಂದು ಜನಾಂಗವನ್ನೇ ಇಲ್ಲವಾಗಿಸುವ ಉದ್ದೇಶದಿಂದ ಕೊಲ್ಲಲಾಯಿತು. ಹನೋಯ್ ದಾಳಿಯ ಪ್ರಮಾಣವೂ ಬೇರೆ, ಉದ್ದೇಶವೂ ಬೇರೆ. ಇವೆರಡನ್ನು ಒಂದೇ ಸಾಲಿನಲ್ಲಿಡುವುದು ಎರಡಕ್ಕೂ ಅನ್ಯಾಯವೆಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಪಟ್ಟಿಯಲ್ಲಿ ಇಲ್ಲದ ಹೆಸರುಗಳೂ ಅಷ್ಟೇ ಮುಖ್ಯ. ಅಮೆರಿಕದ ಸೈನಿಕರು 1968ರ ಮಾರ್ಚ್‌ನಲ್ಲಿ ಹೆಂಗಸರು ಮಕ್ಕಳೆನ್ನದೆ ಕೊಂದ ಮೈ ಲಾಯ್ ಹಳ್ಳಿ ಅದರಲ್ಲಿಲ್ಲ. ಅದೇ ವರ್ಷದ ಆರಂಭದಲ್ಲಿ ಕಮ್ಯುನಿಸ್ಟ್ ಪಡೆಗಳ ವಶದಲ್ಲಿದ್ದಾಗ ಸಾವಿರಾರು ನಾಗರಿಕರು ಹತರಾದ ಹುಯೆ ನಗರವೂ ಇಲ್ಲ. ಮೈ ಲಾಯ್ ಇಲ್ಲದಿರುವುದನ್ನು ಸಂಯಮವೆನ್ನಬಹುದು. ಹುಯೆ ಇಲ್ಲದಿರುವುದನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆ ಉಳಿಯುತ್ತದೆ.

ಆದರೂ ಒಂದು ಪರೀಕ್ಷೆಯಲ್ಲಿ ಆ ಮಾತು ತೇರ್ಗಡೆಯಾಗುತ್ತದೆ. ಮಾತನಾಡುವವನು ಒಂದೇ ದಿಕ್ಕಿಗೆ ಮುಖಮಾಡಿ ಕೂಗುತ್ತಾನೆಯೇ ಎಂಬುದು ಆ ಪರೀಕ್ಷೆ. 1968ರ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್ ನಗರವನ್ನು ಹೊಕ್ಕಾಗ ಪಾಲ್ಮೆ ಅದನ್ನು ಖಂಡಿಸಿದರು. 1975ರಲ್ಲಿ ಜೆಕೊಸ್ಲೊವಾಕಿಯದ ಆಳುವವರನ್ನು ಸರ್ವಾಧಿಕಾರದ ಜೀತದಾಳುಗಳೆಂಬ ಅರ್ಥದಲ್ಲಿ ಜರೆದರು. ಅದೇ ವರ್ಷ ಫ್ರಾಂಕೋ ಆಡಳಿತ ಐವರನ್ನು ಮರಣದಂಡನೆಗೆ ಗುರಿಪಡಿಸಿದಾಗ ರಾಜತಾಂತ್ರಿಕ ಸೌಜನ್ಯವನ್ನು ಪೂರ್ತಿ ಬದಿಗಿಟ್ಟು ಬೈದರು.

ಕೂಗಿನಿಂದ ಕಾನೂನಿನೆಡೆಗೆ

ಖಂಡನೆಯ ಮಾತು ಅಂದಂದಿಗೇ ಗಾಳಿಗೆ ಹೋಗುತ್ತದೆ. ನಿಲ್ಲಬೇಕಾದರೆ ಅದಕ್ಕೆ ನಿಯಮದ ರೂಪ ಬೇಕು. ಈ ಕೆಲಸದಲ್ಲಿಯೂ ಸ್ವೀಡನ್ ಹಿಂದೆ ಬೀಳಲಿಲ್ಲ. ನೇಪಾಮ್‌ನಂಥ ಸುಡುವ ಆಯುಧಗಳನ್ನು ನಿಷೇಧಿಸಬೇಕೆಂದು ಅದು ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಒತ್ತಾಯಿಸಿತು. 1974ರಿಂದ 1977ರವರೆಗೆ ಜಿನೀವಾದಲ್ಲಿ ನಡೆದ ಸಮ್ಮೇಳನ 1949ರ ಒಡಂಬಡಿಕೆಗಳಿಗೆ ಎರಡು ಪೂರಕ ಒಡಂಬಡಿಕೆಗಳನ್ನು ಸೇರಿಸಿತು. ಮೊದಲನೆಯದರ 51ನೆಯ ವಿಧಿ ನಾಗರಿಕರ ಮೇಲಿನ ದಾಳಿಯನ್ನೂ, ಅವರಲ್ಲಿ ಭಯ ಹುಟ್ಟಿಸುವುದನ್ನೇ ಮುಖ್ಯ ಉದ್ದೇಶವಾಗಿ ಉಳ್ಳ ಹಿಂಸೆಯನ್ನೂ ನಿಷೇಧಿಸಿತು. ಒಂದು ನಗರದಲ್ಲಿ ದೂರದೂರ ಹರಡಿರುವ ಹಲವು ಸೈನಿಕ ಗುರಿಗಳನ್ನು ಒಂದೇ ಗುರಿಯೆಂದು ಎಣಿಸಿ ಇಡೀ ಪ್ರದೇಶದ ಮೇಲೆ ಬಾಂಬು ಸುರಿಯಬಾರದೆಂದೂ ಅದೇ ವಿಧಿ ಹೇಳಿತು. 1980ರಲ್ಲಿ ಸುಡುವ ಆಯುಧಗಳ ಬಳಕೆಗೆ ಮಿತಿ ಹಾಕುವ ಒಪ್ಪಂದವೂ ರೂಪುಗೊಂಡಿತು.

ಭಾರತಕ್ಕೂ ಈ ಕಥೆಯ ಎಳೆಯೊಂದು ತಗಲಿಕೊಂಡಿದೆ. 1972ರ ಜೂನ್ ತಿಂಗಳಿನಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಲ್ಲಿ ಪಾಲ್ಮೆ ಯುದ್ಧದಿಂದಾಗುವ ನಿಸರ್ಗನಾಶವನ್ನು ಪ್ರಸ್ತಾಪಿಸಿ ಅಮೆರಿಕವನ್ನು ಸಿಟ್ಟಿಗೆಬ್ಬಿಸಿದ್ದರು. ಹೊರದೇಶಗಳಿಂದ ಆ ಸಮ್ಮೇಳನಕ್ಕೆ ಬಂದಿದ್ದ ಏಕೈಕ ಪ್ರಧಾನಿ ಇಂದಿರಾ ಗಾಂಧಿ. 1984ರಲ್ಲಿ ಅಣ್ವಸ್ತ್ರ ಪೈಪೋಟಿಯ ವಿರುದ್ಧ ಆರು ದೇಶಗಳ ನಾಯಕರು ಒಟ್ಟಾಗಿ ದನಿಯೆತ್ತಿದಾಗ ಅವರಿಬ್ಬರೂ ಮತ್ತೆ ಜೊತೆಗಿದ್ದರು. ಅದೇ ವರ್ಷ ಇಂದಿರಾ, 1986ರ ಫೆಬ್ರವರಿ 28ರಂದು ಪಾಲ್ಮೆ, ಇಬ್ಬರೂ ಗುಂಡಿಗೆ ಬಲಿಯಾದರು. ಪಾಲ್ಮೆ ಸತ್ತ ಮರುತಿಂಗಳೇ ಸ್ವೀಡನ್ನಿನ ಬೊಫೋರ್ಸ್ ಕಂಪನಿ ಭಾರತಕ್ಕೆ 410 ಹೊವಿಟ್ಜರ್ ಫಿರಂಗಿಗಳನ್ನು ಮಾರುವ ಒಪ್ಪಂದಕ್ಕೆ ಸಹಿ ಹಾಕಿತು. ಶಾಂತಿಯನ್ನು ಕುರಿತು ಮಾತನಾಡುವ ದೇಶ ಫಿರಂಗಿಯನ್ನೂ ಮಾರುತ್ತಿತ್ತು. 2024ರ ಮಾರ್ಚ್ 7ರಂದು ಸ್ವೀಡನ್ ನೇಟೋ ಕೂಟವನ್ನು ಸೇರಿ, ಎರಡು ಶತಮಾನ ಸೇನಾಕೂಟಗಳಿಂದ ದೂರ ನಿಂತಿದ್ದ ತನ್ನ ಹಾದಿಗೆ ಮುಕ್ತಾಯ ಹಾಡಿತು.

ಆದ್ದರಿಂದ ಸ್ವೀಡನ್ನನ್ನು ನಿಷ್ಕಳಂಕ ಸಾಕ್ಷಿಯೆಂದು ಕೊಂಡಾಡಬೇಕಾಗಿಲ್ಲ. ನಿಷ್ಕಳಂಕನೇ ಮಾತನಾಡಬೇಕೆಂದರೆ ಲೋಕದಲ್ಲಿ ಸಾಕ್ಷಿ ನುಡಿಯುವವರೇ ಇರುವುದಿಲ್ಲ. ಒಮ್ಮೆ ಸುಮ್ಮನಿದ್ದು ಅದರ ಭಾರವನ್ನು ಹೊತ್ತವನಿಗೆ ಮತ್ತೊಮ್ಮೆ ಸುಮ್ಮನಿರುವ ಹಕ್ಕು ಇಲ್ಲವೆಂಬುದನ್ನು 1972ರ ಆ ಹೇಳಿಕೆ ತೋರಿಸಿತು. ಯುದ್ಧಾನಂತರದ ವರ್ಷಗಳಲ್ಲಿ ಸ್ವೀಡನ್ನಿನ ನೆರವಿನಿಂದ ಹನೋಯ್‌ನಲ್ಲಿ ಮಕ್ಕಳ ಆಸ್ಪತ್ರೆಯೊಂದು ನಿರ್ಮಾಣವಾಯಿತು. ನೆರವು ನೀಡಿದ ದೇಶದ ಹೆಸರಿನಿಂದಲೂ ಪಾಲ್ಮೆ ಅವರ ಹೆಸರಿನಿಂದಲೂ ಜನ ಅದನ್ನು ಗುರುತಿಸುತ್ತ ಬಂದರು. ನಾಶವಾದ ಊರುಗಳ ಹೆಸರನ್ನು ಪಟ್ಟಿಮಾಡಿದ ಮನುಷ್ಯನ ಹೆಸರು, ಆತ ಪಟ್ಟಿಯ ಕೊನೆಗೆ ಸೇರಿಸಿದ ಊರಿನಲ್ಲಿಯೇ, ರೋಗಿ ಮಕ್ಕಳನ್ನು ಕರೆತರುವ ಕಟ್ಟಡವೊಂದಕ್ಕೆ ಅಂಟಿಕೊಂಡಿತು.